ದಿನಕ್ಕೆ ಆರು ಮಾತು, ಇನ್ನೂರ ಎಂಬತ್ತಾರು ದೆವ್ವ

ಬೆಳಗಿನ ಐದು ಗಂಟೆ. ಬೀದಿಯಲ್ಲಿ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಎರಡನೇ ಮಹಡಿಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಹಳೆಯ ಕಾಲದ ದಪ್ಪ ಟಿ.ವಿ. ಬೆಳಗುತ್ತಿದೆ. ಪರದೆಯ ಮೇಲೆ ಅರ್ಧ ಮುರಿದ ಸೇತುವೆ, ಸೇತುವೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತ ಮೂರು ಕಣ್ಣಿನ ಹೆಣ್ಣು ದೆವ್ವ. ಅದು ಕೇಳುತ್ತಿದೆ: 'ಬರಿಗೈಲಿ ಬಂದ್ಯಾ? ನಿಮ್ಮಪ್ಪನ ಮನೆ ಸೇತುವೆಯಾ ಇದು?'

ಎದುರಿನ ಕುರ್ಚಿಯಲ್ಲಿ ಕೂತ ಐವತ್ತೈದರ ಅಣ್ಣ ಎಡಗೈ ಬೆರಳಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಾರೆ. ಒಂದು ಕುಟ್ಟಿದರೆ ಸರಿ, ಎರಡು ಕುಟ್ಟಿದರೆ ಸರಿಯಿಲ್ಲ ಎಂದು ಲೆಕ್ಕ. ಪಕ್ಕದಲ್ಲಿ ಮೊಣಕಾಲ ಮೇಲೆ ನೋಟ್‌ಬುಕ್ ಇಟ್ಟುಕೊಂಡ ತಂಗಿ ತಲೆ ಎತ್ತುತ್ತಾರೆ.

"ಯಾಕೆ? ಮೊನ್ನೆ ಇದಕ್ಕೆ ನಕ್ಕಿದ್ಯಲ್ಲ!"

ಅಣ್ಣ ಪರದೆಯ ಕೊನೆಯ ಪದದ ಮೇಲೆ ಬೆರಳಿಡುತ್ತಾರೆ.

"'ಇದು' ಬೇಡ್ವಾ?"

"ಹೂಂ."

ತಂಗಿ 'ಇದು' ಹೊಡೆದುಹಾಕಿ, ಲ್ಯಾಪ್‌ಟಾಪಿನಲ್ಲಿ ತಿದ್ದಿ, ಆಟವನ್ನು ಮತ್ತೆ ಸೇತುವೆಯ ತುದಿಯಿಂದ ಶುರುಮಾಡುತ್ತಾರೆ. ದೆವ್ವ ಈಗ 'ನಿಮ್ಮಪ್ಪನ ಮನೆ ಸೇತುವೆಯಾ?' ಎಂದಷ್ಟೇ ಕೇಳುತ್ತದೆ. ಮೇಜಿನ ಮೇಲೆ ಒಂದೇ ಕುಟ್ಟು. "ಅವನು ಹೇಳಿದ್ದೇ ಸರಿ. ನಿಜವಾಗ್ಲೂ ಸಿಟ್ಟು ಬಂದೋರು ಅಷ್ಟು ಉದ್ದ ಬೈಯಲ್ಲ" ಎಂದು ನೋಡಲು ಬಂದ ನಮಗೆ ಹೇಳುತ್ತಾ ಆಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. ಒಂದು ಮಾತಿಗೆ ಇಪ್ಪತ್ತು ನಿಮಿಷ ಹೋಗಿದೆ.

ನಲವತ್ತೊಂಬತ್ತು ವರ್ಷದ ಈ ಹೆಣ್ಣುಮಗಳು ಹಗಲಿನಲ್ಲಿ ಲಿಫ್ಟ್ ಬಿಡಿಭಾಗಗಳ ಗೋದಾಮೊಂದರಲ್ಲಿ ಗುಮಾಸ್ತೆ. ಆದರೆ ಹಳೆಯ ವಿಡಿಯೊ ಗೇಮ್‌ಗಳ ಹುಚ್ಚು ಹತ್ತಿಸಿಕೊಂಡ ಕೆಲವು ನೂರು ಜನರಿಗೆ ಆಕೆ 'ಅಲ್ಪವಿರಾಮ'. ವಾಕ್ಯದ ನಡುವಿನ ಚುಕ್ಕೆ ಕೊಕ್ಕೆಗಳ ಬಗ್ಗೆ ಎಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದುದರಿಂದ ಅಂತರ್ಜಾಲದ ಗುಂಪಿನಲ್ಲಿ ಯಾರೋ ಇಟ್ಟ ಹೆಸರು. ಹೆಸರಿಟ್ಟವರು ಆಕೆಯನ್ನು ಇಪ್ಪತ್ತರ ಹುಡುಗ ಎಂದುಕೊಂಡಿದ್ದರಂತೆ. ಆಕೆ ತಿದ್ದಲು ಹೋಗಲಿಲ್ಲ. "ಉಳಿದಿದ್ದೆಲ್ಲ ತಿದ್ದೋದೇ ಸಾಕಾಗಿತ್ತು" ಎನ್ನುತ್ತಾರೆ.

ಆಟ ಮೂವತ್ತು ವರ್ಷ ಹಳೆಯದು, ಜಪಾನಿನದು. ಹಾಳುಬಿದ್ದ ಒಂದು ನಗರ, ಬೀದಿ ಬೀದಿಗೆ ದೆವ್ವಗಳು. ಈ ಜಾತಿಯ ಆಟಗಳಲ್ಲಿ ಕತ್ತಿಗಿಂತ ನಾಲಿಗೆಗೇ ಕೆಲಸ ಹೆಚ್ಚು. ಎದುರಾದ ದೆವ್ವವನ್ನು ಮಾತಾಡಿಸಬೇಕು, ಹೊಗಳಬೇಕು, ಗದರಬೇಕು, ಏನಾದರೂ ಕೊಟ್ಟು ಪುಸಲಾಯಿಸಬೇಕು. ಒಲಿದರೆ ಅದು ನಿಮ್ಮ ಪಕ್ಷ, ಕರೆದಾಗಲೆಲ್ಲ ಓಡಿಬರುತ್ತದೆ. ಒಂದು ಮಾತು ಹೆಚ್ಚುಕಮ್ಮಿಯಾದರೆ ಮೈಮೇಲೆ ಬೀಳುತ್ತದೆ. ಹಾಗಾಗಿ ಜಪಾನಿ ಬಾರದವರಿಗೆ ಇದು ಬೀಗ ಹಾಕಿದ ಮನೆ. ಆಟದ ಒಡೆಯರು ಇದನ್ನು ನಮ್ಮ ಭಾಷೆಗೆ ತರಲಿಲ್ಲ, ತರುವಷ್ಟು ಗಿರಾಕಿಗಳೂ ಇರಲಿಲ್ಲ. ಅಂಥ ಕಡೆ ಅಭಿಮಾನಿಗಳೇ ಕೂತು ಅನುವಾದ ಮಾಡುವುದುಂಟು. ಅವರು ಆಟವನ್ನು ಹಂಚುವುದಿಲ್ಲ, ಹಳೆಯ ಆಟದ ಮೇಲೆ ಕೂರುವ ಒಂದು ತೇಪೆಯನ್ನಷ್ಟೇ ಹಂಚುತ್ತಾರೆ. "ಅಂಗಿ ನಿಮ್ದೇ ಇರ್ಬೇಕು. ನಾವು ತೇಪೆ ಮಾತ್ರ ಕೊಡೋದು" ಎಂದು ಅಲ್ಪವಿರಾಮ ವಿವರಿಸುತ್ತಾರೆ. ಆ ತೇಪೆ ಹೊಲಿಯಲು ಅಣ್ಣ ತಂಗಿಗೆ ಹನ್ನೊಂದು ವರ್ಷ ಹಿಡಿದಿದೆ.

ಆಕೆ ಜಪಾನಿ ಕಲಿತದ್ದು ಹೊಟ್ಟೆಪಾಡಿಗೆ. ಗೋದಾಮಿಗೆ ಬರುವ ಬಿಡಿಭಾಗಗಳ ಪಟ್ಟಿ ಜಪಾನಿಯಲ್ಲಿತ್ತು, ಯಾರಾದರೊಬ್ಬರು ಓದಬೇಕಿತ್ತು, ಹೊಸದಾಗಿ ಸೇರಿದ ಈಕೆಯನ್ನು ಹತ್ತು ತಿಂಗಳ ಸಂಜೆ ತರಗತಿಗೆ ಕಳಿಸಿದರು. "ನಾನು ಮೊದ್ಲು ಕಲ್ತಿದ್ದು 'ಅಪಾಯ', 'ಇಲ್ಲಿ ಕೈ ಹಾಕಬೇಡಿ', 'ಭಾರ ಮಿತಿ ಮೀರಿದೆ'. ದೆವ್ವದ ಜೊತೆ ಸಂಸಾರ ಮಾಡೋಕೆ ಅಷ್ಟು ಸಾಲಲ್ಲ" ಎಂದು ನಗುತ್ತಾರೆ.

ದೆವ್ವಗಳನ್ನು ಮನೆಗೆ ತಂದವರು ಅಣ್ಣ. ಅವರದು ಟಿ.ವಿ. ರೇಡಿಯೊ ರಿಪೇರಿ ಅಂಗಡಿ. ಯಾರೋ ಗಿರಾಕಿ ಕೆಟ್ಟುಹೋದ ಗೇಮ್ ಪೆಟ್ಟಿಗೆಯನ್ನು ಕೊಟ್ಟು ಹೋದವನು ತಿರುಗಿ ಬರಲಿಲ್ಲ. ಎರಡು ವರ್ಷ ಕಾದು, ಅಣ್ಣ ಅದನ್ನು ಸರಿಮಾಡಿ ಮನೆಗೆ ತಂದರು. ಒಳಗೆ ಈ ಆಟ ಇತ್ತು. ಪರದೆಯ ಮೇಲೆ ಏನೋ ಪ್ರಶ್ನೆ, ಕೆಳಗೆ ಎರಡು ಉತ್ತರ. ಅಣ್ಣ ಯಾವುದನ್ನು ಒತ್ತಿದರೂ ದೆವ್ವ ಬಂದು ಕಚ್ಚುತ್ತಿತ್ತು. ತಂಗಿ ಬಾಗಿ ನೋಡಿ, "ಅಣ್ಣ, ಅದು ನಿನ್ನ ಚಪ್ಪಲಿ ಚೆನ್ನಾಗಿದೆ, ಎಲ್ಲಿ ತಗೊಂಡೆ ಅಂತ ಕೇಳ್ತಿದೆ" ಎಂದರು. ಅಣ್ಣ ಬಿದ್ದೂ ಬಿದ್ದೂ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇದನ್ನ ನಮ್ ಮಾತಲ್ಲಿ ಹೇಳ್ಸಿದ್ರೆ?" ಎಂದರು. ಹುಚ್ಚು ಹತ್ತಿದ್ದು ಅಲ್ಲಿಂದ.

ಕೆಲಸವನ್ನು ಇಬ್ಬರೂ ಹಂಚಿಕೊಂಡರು. ಆಟದ ಹೊಟ್ಟೆಯಿಂದ ಮಾತುಗಳನ್ನು ಹೊರಗೆಳೆಯುವುದು, ತಿರುಗಿ ತುರುಕುವುದು ಅಣ್ಣನ ಪಾಲು. ಗುಂಪಿನವರು ಅವರಿಗೆ 'ಇಕ್ಕಳ' ಎಂದು ಹೆಸರಿಟ್ಟರು. ಅಕ್ಷರಗಳನ್ನು ಬರೆಯುವುದೂ ಅವರ ಪಾಲೇ. ಆ ಹಳೆಯ ಪೆಟ್ಟಿಗೆಯಲ್ಲಿ ಒಂದು ಅಕ್ಷರಕ್ಕೆ ಹನ್ನೆರಡು ಚುಕ್ಕೆ ಅಗಲ, ಹನ್ನೆರಡು ಚುಕ್ಕೆ ಎತ್ತರದ ಜಾಗ. ಒತ್ತನ್ನು ಬೇರೆಯಾಗಿ ಕೂರಿಸಲು ಕೆಳಗೆ ಸ್ಥಳವಿಲ್ಲ. ಹಾಗಾಗಿ ಒತ್ತಕ್ಷರ ಒಂದೊಂದನ್ನೂ ಇಡಿಯಾಗಿ, ಬೇರೆ ಬೇರೆ ಚಿತ್ರವಾಗಿ ಬಿಡಿಸಬೇಕು. ಅಣ್ಣ ಚೌಕುಳಿ ಪುಸ್ತಕ ತಂದು, ಪೆನ್ಸಿಲಿನಲ್ಲಿ ಮನೆ ತುಂಬುತ್ತಾ ಆರುನೂರ ಮೂವತ್ತೊಂಬತ್ತು ಚಿತ್ರ ಬಿಡಿಸಿದರು. 'ಸ್ವಾತಂತ್ರ್ಯ' ಎಷ್ಟು ಒದ್ದಾಡಿದರೂ ಆ ಜಾಗದಲ್ಲಿ ಹಿಡಿಯಲಿಲ್ಲ, ದೆವ್ವಗಳು 'ಬಿಡುಗಡೆ' ಎಂದು ಹೇಳುವಂತಾಯಿತು. 'ರಾಷ್ಟ್ರ' ಹೋಗಿ 'ನಾಡು' ಬಂತು. "ಜಾಗ ಇಲ್ದಿದ್ದಕ್ಕೇ ನಮ್ ದೆವ್ವಗಳು ಅಷ್ಟು ಒಳ್ಳೆ ಭಾಷೆ ಮಾತಾಡ್ತಾವೆ" ಎನ್ನುವುದು ತಂಗಿಯ ತಮಾಷೆ.

ಆಕೆಯ ಕಷ್ಟ ಬೇರೆ ತರಹದ್ದು. ಜಪಾನಿಯಲ್ಲಿ 'ನಾನು' ಎನ್ನುವುದಕ್ಕೆ ಒಂದಲ್ಲ, ಹತ್ತಾರು ಪದ. ಮುದುಕ ದೆವ್ವದ 'ನಾನು' ಬೇರೆ, ಪುಂಡ ದೆವ್ವದ್ದು ಬೇರೆ, ವಯ್ಯಾರದ್ದು ಬೇರೆ. ಬಾಯಿ ತೆರೆದರೆ ಸಾಕು, ಎದುರಿಗಿರುವುದು ಎಂಥ ದೆವ್ವ ಎಂದು ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಎಲ್ಲರಿಗೂ ಒಂದೇ 'ನಾನು'. ಆಕೆ ಎರಡು ವರ್ಷ ತಡಕಾಡಿ, ಕೊನೆಗೆ ಸುತ್ತಮುತ್ತಲಿನವರ ಮಾತನ್ನೇ ಕದಿಯಲು ಶುರುಮಾಡಿದರು. ಎಲ್ಲಕ್ಕೂ 'ನೋಡೋಣ ನೋಡೋಣ' ಎನ್ನುವ ಗೋದಾಮಿನ ಮ್ಯಾನೇಜರು ಜೌಗಿನ ದೆವ್ವವಾದರು. ಮಾತು ಮಾತಿಗೂ 'ನಮ್ಮ ಕಾಲದಲ್ಲಿ' ಎನ್ನುವ ಕಾವಲುಗಾರ ಗೋರಿಯ ದೆವ್ವವಾದರು. ಇನ್ನೂರ ಎಂಬತ್ತಾರು ದೆವ್ವಗಳಲ್ಲಿ ನಲವತ್ತಕ್ಕೆ ಹೀಗೆ ಮನುಷ್ಯರ ನಾಲಿಗೆ ಸಿಕ್ಕಿದೆ.

ಸೇತುವೆಯ ಹೆಣ್ಣು ದೆವ್ವ ಅತ್ತಿಗೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಈ ಮನೆಯ ಯಜಮಾನಿ, ಬಟ್ಟೆ ಅಂಗಡಿಯಲ್ಲಿ ಅಳತೆ ತೆಗೆಯುವವರು. ಗಂಡ ಮತ್ತು ನಾದಿನಿ ಬೆಳಗಾಗೆದ್ದು ದೆವ್ವಗಳ ಮುಂದೆ ಕೂರುವುದನ್ನು ಅವರು ಹನ್ನೊಂದು ವರ್ಷದಿಂದ ಬೈಯುತ್ತಲೇ ಬಂದಿದ್ದಾರೆ. ಒಂದು ದಿನ ಕಸ ಗುಡಿಸುತ್ತಾ ಪರದೆಯತ್ತ ನೋಡಿದವರು ಪೊರಕೆ ಹಿಡಿದೇ ನಿಂತುಬಿಟ್ಟರು.

"ಏನ್ರೇ ಇದು? ನಾನ್ ಬೈಯೋದಲ್ವಾ ಇದು?"

ನಾದಿನಿ ಆಟವನ್ನು ಅಲ್ಲಿಗೇ ನಿಲ್ಲಿಸಿದರು.

"ನಾನು ದೆವ್ವಾನಾ?"

"ಅತ್ತಿಗೆ, ಆ ಸೇತುವೆ ಹತ್ರ ಬರೋ ದೆವ್ವಗಳಲ್ಲೆಲ್ಲ ಅದಕ್ಕೇ ಶಕ್ತಿ ಜಾಸ್ತಿ."

ಅತ್ತಿಗೆ ಪರದೆಯ ದೆವ್ವವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಿದ್ರೆ ಇರ್ಲಿ" ಎಂದು ಗುಡಿಸಲು ಹೋದರು.

ತಂಗಿಯ ದಿನಚರಿಗೆ ಗಾಣದೆತ್ತಿನ ನೇಮ. ನಾಲ್ಕೂ ನಲವತ್ತಕ್ಕೆ ಏಳುವುದು, ಐದರಿಂದ ಆರೂ ಐವತ್ತರವರೆಗೆ ಆಟ, ಏಳೂ ಇಪ್ಪತ್ತರ ಬಸ್ಸು, ಎಂಟಕ್ಕೆ ಗೋದಾಮು. ಅಲ್ಲಿ ಸಂಜೆಯವರೆಗೆ ರಟ್ಟಿನ ಪೆಟ್ಟಿಗೆಗಳನ್ನು ಎಣಿಸಿ, ಚೀಟಿ ಅಂಟಿಸಿ, ಮೆಟ್ಟಿಲೇಣಿ ಹತ್ತಿ ಇಳಿಯುವುದು. ಆಟದಲ್ಲಿರುವುದು ಹದಿನಾರು ಸಾವಿರದ ಮುನ್ನೂರ ನಲವತ್ತು ಮಾತು. ಒಂದೊಂದೂ ಮೂರು ಸಾಲಿನಲ್ಲಿ, ಸಾಲಿಗೆ ಹದಿನಾಲ್ಕು ಅಕ್ಷರದೊಳಗೆ ಮುಗಿಯಬೇಕು. ಬರೆದು, ಹೊಡೆದು, ಕತ್ತರಿಸಿ, ದಿನಕ್ಕೆ ಸರಾಸರಿ ಆರು ಮಾತು ಮುಗಿಯುತ್ತಿತ್ತು. ಬಲಭುಜ ಹಿಡಿದುಕೊಂಡು ಮೂರು ವರ್ಷವಾಯಿತು. ಕನ್ನಡಕ ಎರಡು ಸಲ ಬದಲಾಗಿದೆ. ಇದಕ್ಕೆ ಸಂಬಳವಿಲ್ಲ, ಯಾರೂ ಕೊಡುವುದೂ ಇಲ್ಲ, ತಗೊಳ್ಳುವ ಹಾಗೂ ಇಲ್ಲ.

ಏಳನೇ ವರ್ಷ, ಹನ್ನೆರಡು ಸಾವಿರ ಮಾತು ದಾಟಿದಾಗ, ಅಣ್ಣ ಅಂಗಡಿಯಲ್ಲಿ ಬೆಸುಗೆ ಕಡ್ಡಿ ಕೈಯಲ್ಲಿದ್ದಂತೆಯೇ ಕುಸಿದರು. ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಲ್ಲಿ ಉಳಿದದ್ದು ಮೂರೇ ಪದ: 'ಹೂಂ', 'ಅಲ್ಲ', ಮತ್ತೆ ಯಾಕೋ ಏನೋ, 'ತಡಿ'. ಎದುರಿನವರು ಹೇಳಿದ್ದು ಅವರಿಗೆ ತಿಳಿಯುತ್ತದೆ. ಒಳಗಿರುವುದು ಹೊರಗೆ ಬರುವುದಿಲ್ಲ. ಮಾತು ಕಲಿಸುವ ಮೇಡಂ ಒಬ್ಬರು ವಾರಕ್ಕೆ ಎರಡು ಸಲ ಬಂದು ಲೋಟ, ಕೊಡೆ, ಬೆಕ್ಕಿನ ಚಿತ್ರ ತೋರಿಸಿದರೆ ಅಣ್ಣ ಗೋಡೆಗೆ ಮುಖ ತಿರುಗಿಸುತ್ತಿದ್ದರು.

"ಜೀವನವಿಡೀ ಮಾತಿಗೆ ಮನೆ ಕಟ್ಟಿಕೊಟ್ಟೋನು. ಅವನಿಗೆ ಬೆಕ್ಕಿನ ಚಿತ್ರ ತೋರ್ಸಿದ್ರೆ ಹೆಂಗಿರ್ಬೇಕು ಹೇಳಿ" ಎಂದು ಆಕೆ ಆ ದಿನಗಳನ್ನು ನೆನೆಯುತ್ತಾರೆ.

ಆಟದ ಕೆಲಸ ಹದಿನಾಲ್ಕು ತಿಂಗಳು ನಿಂತುಹೋಯಿತು. ಮಾತುಗಳನ್ನು ಒಳಗೆ ತುರುಕುವ ಉಪಾಯ ಅಣ್ಣನ ತಲೆಯಲ್ಲಿ ಮಾತ್ರ ಇತ್ತು. ಗುಂಪಿನವರಿಗೆ ಆಕೆ ಏನೂ ಹೇಳಲಿಲ್ಲ, ಹೇಳುವುದು ಅಣ್ಣನಿಗೆ ಇಷ್ಟವಾಗುತ್ತಿರಲಿಲ್ಲ ಎಂದು. ಮೊದಲು ಸಂದೇಶಗಳು ಮೆತ್ತಗಿದ್ದವು. ಆಮೇಲೆ ಚೂಪಾದವು. 'ಬದುಕಿದ್ದೀರಾ, ಸತ್ತಿದ್ದೀರಾ?' ಎಂದು ಒಬ್ಬ ತಮಾಷೆಗೆ ಬರೆದಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದ ಆಕೆಗೆ ತಮಾಷೆ ಕಾಣಲಿಲ್ಲ. ಇನ್ನೊಂದು ಗುಂಪಿನವರು, ನಿಮ್ಮಿಂದ ಆಗದಿದ್ದರೆ ಎಲ್ಲವನ್ನೂ ನಮಗೆ ಕೊಡಿ, ಮುಗಿಸುತ್ತೇವೆ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಆಕೆ ಏಳು ವರ್ಷದ ಕೆಲಸವನ್ನೆಲ್ಲ ಒಟ್ಟುಗೂಡಿಸಿ ಅವರಿಗೆ ಕಳಿಸಲು ಕೂತರು. ಅಣ್ಣ ಹಿಂದೆ ಕುರ್ಚಿಯಲ್ಲಿದ್ದರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಹಿಂದಿನಿಂದ ದನಿ ಬಂತು: "ತಡಿ."

"ಅರ್ಥ ಇಟ್ಕೊಂಡು ಅಂದ್ನೋ, ಸುಮ್ನೆ ಬಾಯಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ. ದಿನಕ್ಕೆ ನೂರು ಸಲ ಅಂತಿದ್ದ ಅದನ್ನ. ನಾನಂತೂ ತಡೆದೆ."

ಮತ್ತೆ ಶುರುವಾದದ್ದು ಹಾಗೆ. ಆಕೆ ಅಣ್ಣನ ಕಂಪ್ಯೂಟರು ತೆರೆದು, ಒಂದೊಂದೇ ಕಡತದ ಮೇಲೆ ಬೆರಳಿಟ್ಟು "ಇದಾ?" ಎಂದು ಕೇಳುವುದು, ಅವರು 'ಹೂಂ' ಅಥವಾ 'ಅಲ್ಲ' ಎನ್ನುವುದು. ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಎಂಟನೇ ಅಧ್ಯಾಯದವರೆಗೆ ಹೇಗೋ ದಾರಿ ಸಿಕ್ಕಿತು. ಒಂಬತ್ತನೆಯದರಲ್ಲಿ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಏನು ಮಾಡಿದರೂ ಕಪ್ಪು. ಹತ್ತೊಂಬತ್ತು ಭಾನುವಾರ ಪ್ರಶ್ನೆ ಕೇಳಿದ ಮೇಲೆ ಕಾರಣ ತಿಳಿಯಿತು. ಪೆಟ್ಟಿಗೆಯ ನೆನಪಿನಲ್ಲಿ ಅಕ್ಷರಗಳಿಗೆ ಇದ್ದದ್ದು ಆರುನೂರ ನಲವತ್ತು ಮನೆ. ಆಕೆಗೆ ಗೊತ್ತಿಲ್ಲದೆ ಆರುನೂರ ನಲವತ್ತೊಂದು ಆಗಿತ್ತು. ಒಂಬತ್ತನೇ ಅಧ್ಯಾಯದ ಹಳೇ ಗತ್ತಿನ ಒಡೆಯ ದೆವ್ವಕ್ಕಾಗಿ ಆಕೆಯೇ ಹೊಸದಾಗಿ ಎರಡು ಅಕ್ಷರ ಸೇರಿಸಿದ್ದರು, ಅದರಲ್ಲೊಂದು 'ಮ್ಲಾ'. ಸೋತು ನಿಂತ ದೆವ್ವ ತನ್ನ ಮುಖ ಮ್ಲಾನವಾಯಿತು ಎಂದು ಹೇಳಬೇಕಿತ್ತು.

"ಹೋಗ್ಲಿ ಬಿಡು ಅಣ್ಣ, 'ಬಾಡಿತು' ಅಂತ ಹಾಕ್ತೀನಿ" ಎಂದರು.

"ಅಲ್ಲ."

"ಮತ್ತೇನು ತೆಗೀಲಿ?"

ಚೌಕುಳಿ ಪುಸ್ತಕದ ಹಾಳೆ ಹಾಳೆಯ ಮೇಲೆ ಬೆರಳಾಡಿಸಿದರು. ಅಲ್ಲ, ಅಲ್ಲ, ಅಲ್ಲ. ಬೆರಳು 'ಙ' ಮೇಲೆ ಬಂದಾಗ ಅಣ್ಣ ಆ ಚಿತ್ರವನ್ನು ಎಡಗೈಯಿಂದ ಸವರಿ "ಹೂಂ" ಎಂದರು. ಇಡೀ ಆಟದಲ್ಲಿ ಒಂದು ಸಲವೂ ಬಳಕೆಯಾಗದ ಅಕ್ಷರ. ಅದೊಂದು ಮನೆಯನ್ನು ಅವರು ಶಾಲೆಯ ವರ್ಣಮಾಲೆಯ ಮೇಲಿನ ಪ್ರೀತಿಗಾಗಿ ಉಳಿಸಿಕೊಂಡಿದ್ದರು. ತಂಗಿಯ ಒಂದು ಪದಕ್ಕಾಗಿ ಬಿಟ್ಟುಕೊಟ್ಟರು. ಪರದೆ ಬೆಳಗಿತು. ಅಂದಿನಿಂದ ಅಣ್ಣ ಪರೀಕ್ಷಕ. ಎಡಗೈಯಲ್ಲಿ ಆಡುತ್ತಾರೆ, ಮೇಜು ಕುಟ್ಟುತ್ತಾರೆ. ಸಾವಿರದ ಒಂಬೈನೂರ ಮೂರು ತಪ್ಪು ಹಿಡಿದಿದ್ದಾರೆ. ಮಾತು ಮರಳಿಲ್ಲ. ಮರಳುತ್ತದೆ ಎಂದು ಮೇಡಂ ಈಗ ಹೇಳುವುದೂ ಇಲ್ಲ.

ಆರು ತಿಂಗಳ ಹಿಂದೆ ತೇಪೆ ಹೊರಬಂತು. ಮೊದಲ ವಾರ ಆರುನೂರ ಹನ್ನೆರಡು ಜನ ಇಳಿಸಿಕೊಂಡರು. ಕತೆ ಚೆನ್ನಾಗಿದೆ ಎಂದರು, ಕಾಗುಣಿತದ ತಪ್ಪು ಪಟ್ಟಿಮಾಡಿ ಕಳಿಸಿದರು. ತಿದ್ದುವ ಕೆಲಸ ಅಣ್ಣ ತಂಗಿಗೆ ಇವತ್ತಿಗೂ ಮುಗಿದಿಲ್ಲ. 'ಎಲ್ಲ ಸರಿ, ಅಕ್ಷರಗಳಲ್ಲಿ ಙ ಯಾಕಿಲ್ಲ?' ಎಂದು ಒಬ್ಬರು ಕೇಳಿದರು. ಅದನ್ನು ಓದಿ ಹೇಳಿದಾಗ ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ.

ತೇಪೆ ಹೊರಬಂದು ನಾಲ್ಕು ತಿಂಗಳಾಗಿತ್ತು. ಗೋದಾಮಿನ ಊಟದ ಬಿಡುವಿನಲ್ಲಿ ಫೋನು ಎಡೆಬಿಡದೆ ಸದ್ದುಮಾಡತೊಡಗಿತು. ಆಟದ ಒಡೆಯರು ಅದನ್ನು ಹೊಸ ಪೆಟ್ಟಿಗೆಗಳಿಗಾಗಿ ಮರುಬಿಡುಗಡೆ ಮಾಡುವುದಾಗಿ ಸಾರಿದ್ದರು. ಹೊಸ ಬಣ್ಣ, ಹೊಸ ಸಂಗೀತ, ಹಿಂದೆಂದೂ ಇರದ ಒಂದು ಹೊಸ ಅಧ್ಯಾಯ. ಭಾಷೆಗಳ ಪಟ್ಟಿಯಲ್ಲಿ ನಮ್ಮದಿಲ್ಲ. ಹಳೆಯ ತೇಪೆ ಹೊಸ ಅಂಗಿಗೆ ಕೂರುವುದಿಲ್ಲ. ಕೆಳಗೆ ಸಾಲುಸಾಲಾಗಿ ಒಂದೇ ಪ್ರಶ್ನೆ: 'ಹೊಸದಕ್ಕೆ ಯಾವಾಗ?' ಆಕೆ ಕೈಯಲ್ಲಿದ್ದ ಬ್ರೆಡ್ಡು ಹಾಗೇ ಹಿಡಿದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು.

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರಲ್ಲ, ಅದಾದ್ರೂ ವಾಸಿ. ಇದು ಬೆಟ್ಟ ಅಗೆದು ಮುಗಿಸಿ ಸೊಂಟ ನೆಟ್ಟಗೆ ಮಾಡೋಷ್ಟ್ರಲ್ಲಿ ಪಕ್ಕದಲ್ಲಿ ಇನ್ನೊಂದು ಬೆಟ್ಟ ತಂದಿಟ್ಟ ಹಾಗೆ. ಅವರ ಮೇಲೆ ನನಗೇನೂ ಕೋಪ ಇಲ್ಲ. ಮನೆ ಅವರದು. ನಾವು ಹೊರಗಡೆ ಗೋಡೆಗೆ ಸುಣ್ಣ ಬಳಿದೋರು. ಅವರು ಗೋಡೆ ಕೆಡವಿ ಕಟ್ಕೋತಾರೆ, ಬೇಡ ಅನ್ನೋಕೆ ಯಾರಿಂದಾಗುತ್ತೆ?"

ಅಣ್ಣನಿಗೆ ಹೇಳುವುದೇ ಕಷ್ಟವಾಯಿತು. ಹೊಸ ಪೆಟ್ಟಿಗೆಗಳಲ್ಲಿ ನಮ್ಮ ಅಕ್ಷರಗಳು ತಾವಾಗಿಯೇ ನುಣ್ಣಗೆ ಮೂಡುತ್ತವೆ. ಒತ್ತು, ದೀರ್ಘ, ಯಾವುದಕ್ಕೂ ಪೆನ್ಸಿಲು ಬೇಡ. ಆ ಆರುನೂರ ನಲವತ್ತು ಚಿತ್ರಕ್ಕೆ ಇನ್ನು ಕೆಲಸವಿಲ್ಲ. ತಂಗಿ ಅದನ್ನೆಲ್ಲ ಬಿಡಿಸಿ ಹೇಳಿದರು. ಅಣ್ಣ ಚೌಕುಳಿ ಪುಸ್ತಕವನ್ನು ಎಡಗೈಯಿಂದ ಮಗುಚುತ್ತಾ ಕೊನೆಯ ಹಾಳೆಯವರೆಗೂ ನೋಡಿ ಮುಚ್ಚಿಟ್ಟರು. ಅವತ್ತು ಮೇಜು ಕುಟ್ಟಲಿಲ್ಲ.

ಗುಂಪಿಗೆ ಆಕೆ ಎರಡೇ ಪದ ಬರೆದರು: 'ಗೊತ್ತಿಲ್ಲ. ಸುಸ್ತಾಗಿದೆ.' ಹನ್ನೊಂದು ವರ್ಷದಲ್ಲಿ ಆ ಮಾತು ಅಲ್ಲಿ ಬರೆದದ್ದು ಅದೇ ಮೊದಲು. ಒಂದಷ್ಟು ಜನ 'ಮೊದಲು ನಿದ್ದೆ ಮಾಡಿ' ಎಂದರು. ಇನ್ನೊಂದಷ್ಟು ಜನ 'ಪರವಾಗಿಲ್ಲ, ಕಾಯ್ತೀವಿ' ಎಂದರು. "ಬೈದಿದ್ರೆ ಬಿಟ್ಬಿಡಬೋದಿತ್ತು. ಕಾಯ್ತೀವಿ ಅಂದ್ರೆ ಏನ್ ಮಾಡೋದು?"

ಮೂರು ವಾರದ ಹಿಂದೆ ಹೊಸ ಆಟ ಅಂಗಡಿಗೆ ಬಂತು. ಕೊಂಡು ತಂದವರು ಅತ್ತಿಗೆ. ಯಾರೂ ಹೇಳಿರಲಿಲ್ಲ. ಅದು ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಕಿಟಕಿಯ ಪಕ್ಕದ ಕಪಾಟಿನಲ್ಲಿದೆ. ಬೇರೆ ದೇಶದ ಅಭಿಮಾನಿಗಳು ಆಗಲೇ ಒಳಗೆ ಇಣುಕಿ ಲೆಕ್ಕ ಹಾಕಿದ್ದಾರೆ. ಹೊಸ ಅಧ್ಯಾಯವೊಂದರಲ್ಲೇ ಐದು ಸಾವಿರದ ಇನ್ನೂರು ಮಾತು, ಮೂವತ್ತೊಂದು ಹೊಸ ದೆವ್ವ. ದಿನಕ್ಕೆ ಆರರಂತೆ ಭಾಗಿಸಿದರೆ ಎಷ್ಟು ವರ್ಷ ಎಂದು ಆಕೆ ಇನ್ನೂ ಲೆಕ್ಕ ಹಾಕಿಲ್ಲ. ಹಾಕುವ ಮನಸ್ಸೂ ಇಲ್ಲ.

ಗಡಿಯಾರ ಆರೂ ಐವತ್ತು ತೋರಿಸುತ್ತಿದೆ. ಒಳಗಿನಿಂದ ಅತ್ತಿಗೆ, ಬಸ್ಸು ನಿಮಗೋಸ್ಕರ ನಿಲ್ಲುತ್ತಾ ಎಂದು ಕೂಗುತ್ತಾರೆ. ಆಕೆ ಎದ್ದು, ಹಿಡಿದುಕೊಂಡ ಭುಜ ಒತ್ತಿಕೊಳ್ಳುತ್ತಾ, ಚೀಲ ಹೆಗಲಿಗೇರಿಸಿ ಕಪಾಟಿನ ಕಡೆ ನೋಡುತ್ತಾರೆ. ಹೊಸದನ್ನು ಮಾಡುತ್ತೀರಾ ಎಂದು ಕೇಳಿದರೆ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ.

"ಅದನ್ನ ಆಮೇಲೆ ನೋಡೋಣ. ರಜೆ ಹಾಕಿದೀನಿ, ಬರೋ ವಾರ ನಾಲ್ಕು ದಿನ. ಮೊದ್ಲು ಸುಮ್ನೆ ಆಡ್ಬೇಕು. ಪೆನ್ನು ಮುಟ್ಟಲ್ಲ, ನೋಟ್‌ಬುಕ್ ತೆಗೆಯಲ್ಲ. ಹಳೇ ಆಟದಲ್ಲಿ ಯಾವ ದೆವ್ವ ಎಲ್ಲಿ ನಿಂತಿರುತ್ತೆ, ಏನು ಕೇಳುತ್ತೆ, ಏನಂದ್ರೆ ಒಲಿಯುತ್ತೆ, ಎಲ್ಲ ನನಗೆ ಗೊತ್ತಿತ್ತು. ನಾನೇ ಬರ್ದಿದ್ದಲ್ವಾ, ನನ್ನ ಹೆದರ್ಸೋದಾದ್ರೂ ಹೆಂಗೆ? ಇದರಲ್ಲಿ ಮೂವತ್ತೊಂದು ದೆವ್ವ ಇದಾವಂತೆ. ಒಂದೊಂದೇ ಬಂದು ಎದುರಿಗೆ ನಿಲ್ಲುತ್ತೆ. ಅದು ಏನು ಕೇಳುತ್ತೋ, ನಾನೇನು ಹೇಳ್ಬೇಕೋ, ನನಗೆ ಗೊತ್ತಿರಲ್ಲ."